ಮನೆಯ ದಿನಚರಿಯಲ್ಲೇ ವಿಶ್ವಾಸದ ಪಾಠ: ಕ್ರೈಸ್ತ ಕುಟುಂಬಗಳಿಗೆ ಒಂದು ಮಾರ್ಗದರ್ಶಿ

‘ಕುಟುಂಬ ಪ್ರಾರ್ಥನೆಗೆ ಎಲ್ಲರನ್ನೂ ಒಟ್ಟಿಗೆ ಕೂಡಿಸುವುದೇ ಕಷ್ಟವಾಗಿದೆ. ಕೂಡಿಸಿದರೂ ಮಕ್ಕಳ ಮನಸ್ಸು ಅಲ್ಲಿರುವುದಿಲ್ಲ. ದಿನನಿತ್ಯದ ಬದುಕಿನಲ್ಲೇ ವಿಶ್ವಾಸದ ಪಾಠಗಳನ್ನು ಕಂಡುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ, ಹೇಗೆ ಎಂದು ಯಾರೂ ಹೇಳುವುದಿಲ್ಲ.’ ಓದುಗರಿಂದ ಮತ್ತೆ ಮತ್ತೆ ಬರುವ ಮಾತು ಇದು. ಕೇಳುವವರಲ್ಲಿ ಚಿಕ್ಕ ಮಕ್ಕಳ ತಂದೆತಾಯಿಯರಿದ್ದಾರೆ, ಮೊಮ್ಮಕ್ಕಳನ್ನು ನೋಡಿಕೊಳ್ಳುವ ಹಿರಿಯರಿದ್ದಾರೆ, ಒಬ್ಬಂಟಿಯಾಗಿ ಸಂಸಾರ ನಡೆಸುವವರೂ ಇದ್ದಾರೆ. ಆದ್ದರಿಂದ ಯಾವ ಮನೆಗಾದರೂ ಹೊಂದುವಂತೆ, ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಮಗು ತಪ್ಪು ಮಾಡಿದಾಗ ಅದಕ್ಕೆ ಹೊಂದುವ ವಚನವೊಂದನ್ನು ಹೇಳಿ ಬಾಯಿ ಮುಚ್ಚಿಸುವುದು ಈ ಲೇಖನದ ಉದ್ದೇಶವಲ್ಲ. ಮನೆಯಲ್ಲಿ ನಡೆಯುವ ಘಟನೆಯಿಂದ ಮೊದಲು ಪಾಠ ಕಲಿಯಬೇಕಾದವರು ದೊಡ್ಡವರು. ಬೈಬಲಿನ ಧರ್ಮೋಪದೇಶಕಾಂಡದ 6ನೇ ಅಧ್ಯಾಯದ ಕ್ರಮವೂ ಇದೇ. ದೇವರ ಮಾತುಗಳು ನಿಮ್ಮ ಹೃದಯದಲ್ಲಿರಬೇಕು ಎಂಬುದು 6ನೇ ವಚನ. ಮಕ್ಕಳಿಗೆ ಕಲಿಸಬೇಕು ಎಂಬುದು ಅದರ ನಂತರದ 7ನೇ ವಚನ. ಈ ಕ್ರಮ ತಿರುಗುಮುರುಗಾದ ಮನೆಗಳಲ್ಲಿ ಮಕ್ಕಳಿಗೆ ವಚನಗಳು ಬಾಯಿಪಾಠವಾಗುತ್ತವೆ, ಅಷ್ಟಕ್ಕೇ ನಿಲ್ಲುತ್ತವೆ.

ಮನೆಯಂಥ ಸಾಮಾನ್ಯ ಜಾಗದಲ್ಲಿ ಅಂಥದ್ದೇನು ಸಿಗುತ್ತದೆ ಎಂಬ ಸಂಶಯವಿದ್ದರೆ ಯೇಸುವಿನ ಬದುಕನ್ನು ಹೇಳುವ ಸುವಾರ್ತೆಯನ್ನೇ ನೋಡಿ. ಲೂಕನ ಪ್ರಕಾರ ಯೇಸು ಬೋಧನೆ ಆರಂಭಿಸಿದಾಗ ಅವರಿಗೆ ಸುಮಾರು 30 ವರ್ಷ. ಅಲ್ಲಿಯವರೆಗಿನ ಬದುಕಿನ ಬಹುಪಾಲು ನಜರೇತಿನ ಒಂದು ಮನೆಯಲ್ಲಿ ಕಳೆದದ್ದು. ಅವರು ಹೇಳಿದ ಸಾಮ್ಯಗಳಲ್ಲಿ, ಅಂದರೆ ದೇವರ ರಾಜ್ಯದ ವಿಷಯವನ್ನು ತಿಳಿಸುವ ಚಿಕ್ಕ ಕಥೆಗಳಲ್ಲಿ, ಆ ಮನೆಯೊಳಗಿನ ಬದುಕು ತುಂಬಿಕೊಂಡಿದೆ. ಹಿಟ್ಟಿಗೆ ಹುಳಿ ಕಲಸುವ ಹೆಂಗಸು, ಹಳೆಯ ಬಟ್ಟೆಗೆ ಹೊಸ ತೇಪೆ, ದೀಪಸ್ತಂಭದ ಮೇಲಿನ ದೀಪ, ಕಳೆದುಹೋದ ನಾಣ್ಯಕ್ಕಾಗಿ ಮನೆಯನ್ನೆಲ್ಲ ಗುಡಿಸುವುದು, ನಡುರಾತ್ರಿ ಬಾಗಿಲು ತಟ್ಟಿದ ಗೆಳೆಯನಿಗೆ ‘ಮಕ್ಕಳು ನನ್ನ ಜೊತೆ ಮಲಗಿದ್ದಾರೆ, ಏಳಲಾರೆ’ ಎನ್ನುವ ಮನೆಯವನು.

ಬೇಕಾಗುವ ಸಾಮಗ್ರಿ ಕಡಿಮೆ: ನಿಮಗೆ ಅರ್ಥವಾಗುವ ಅನುವಾದದ ಒಂದು ಬೈಬಲ್, ಒಂದು ನೋಟ್‌ಬುಕ್, ಮಲಗುವ ಮುಂಚೆ ಹತ್ತು ಹದಿನೈದು ನಿಮಿಷ. ಮೊಬೈಲ್‌ನಲ್ಲಿ ಬರೆದುಕೊಳ್ಳುವ ಅಭ್ಯಾಸವಿದ್ದರೆ ಅದೂ ಆದೀತು. ಆದರೆ ಆ ಹೊತ್ತಿಗೆ ಬರುವ ಸಂದೇಶಗಳು ನಿಮ್ಮನ್ನು ಬೇರೆಡೆಗೆ ಎಳೆಯುತ್ತವೆ, ಆದ್ದರಿಂದ ಕಾಗದವೇ ಮೇಲು ಎಂಬುದು ನನ್ನ ಅಭಿಪ್ರಾಯ.

1. ಮನೆಯೊಳಗೆ ನಡೆಯುವ ಸುವಾರ್ತೆಯ ಭಾಗಗಳನ್ನು ಮೊದಲು ನೀವು ಓದಿ

ಮೊದಲ ಎರಡು ವಾರ ಮಕ್ಕಳಿಗೆ ಏನನ್ನೂ ಹೇಳಬೇಡಿ. ನೀವು ಮಾತ್ರ ಓದಿ. ಲೂಕನ 15ನೇ ಅಧ್ಯಾಯದಿಂದ ಆರಂಭಿಸಬಹುದು. ಕಳೆದುಹೋದ ನಾಣ್ಯ ಮತ್ತು ಇಬ್ಬರು ಗಂಡುಮಕ್ಕಳ ತಂದೆಯ ಕಥೆ ಅಲ್ಲಿವೆ. ಆಮೇಲೆ ಲೂಕ 11:5-13, ಮಾರ್ಥ ಮತ್ತು ಮರಿಯಳ ಮನೆಯ ಪ್ರಸಂಗವಿರುವ ಲೂಕ 10:38-42, ಯೇಸು ಶಿಷ್ಯರ ಕಾಲು ತೊಳೆಯುವ ಯೋಹಾನ 13. ಹಳೆಯ ಒಡಂಬಡಿಕೆಯಲ್ಲಿ ಆದಿಕಾಂಡ 37ರಿಂದ ಯೋಸೇಫನ ಕಥೆಯನ್ನು ಕೊನೆಯವರೆಗೂ ಓದಿ. ಒಬ್ಬ ಮಗನಿಗೆ ಮಾತ್ರ ವಿಶೇಷ ಅಂಗಿ ತೊಡಿಸಿದ ತಂದೆಯ ಪಕ್ಷಪಾತದಿಂದ ಮನೆಯಲ್ಲಿ ಏನೇನಾಯಿತು ಎಂಬುದನ್ನು ಆ ಕಥೆ ಏನನ್ನೂ ಮುಚ್ಚಿಡದೆ ಹೇಳುತ್ತದೆ.

ಒಂದು ದಿನಕ್ಕೆ ಒಂದೇ ಭಾಗ ಸಾಕು. ಓದುವಾಗ ಕಥೆಯಲ್ಲಿ ಕೇಂದ್ರದಲ್ಲಿಲ್ಲದವರ ಕಡೆಗೂ ಗಮನ ಕೊಡಿ. ಮನೆ ಬಿಟ್ಟು ಹೋಗಿದ್ದ ತಮ್ಮ ಮರಳಿದ್ದಕ್ಕೆ ನಡೆದ ಹಬ್ಬದ ಸದ್ದು ಕೇಳಿ ಹೊರಗೇ ನಿಂತ ಹಿರಿಯ ಮಗ, ಅಡುಗೆಯ ಭಾರ ಒಬ್ಬಳೇ ಹೊತ್ತ ಮಾರ್ಥ. ನಮ್ಮ ಮನೆಗಳಲ್ಲಿ ಹೆಚ್ಚಿನವರು ಇರುವುದು ಅಲ್ಲಿಯೇ.

ಇಲ್ಲಿ ಆಗುವ ಸಾಮಾನ್ಯ ತಪ್ಪು: ಓದುತ್ತಿರುವಾಗಲೇ ‘ಇದನ್ನು ಮಗನಿಗೆ ಹೇಳಬೇಕು’, ‘ಇದು ನನ್ನ ಹೆಂಡತಿ ಕೇಳಬೇಕಾದ ಮಾತು’ ಎಂದು ಗುರುತು ಹಾಕಿಕೊಳ್ಳುವುದು. ಹಾಗನ್ನಿಸಿದ ವಚನವನ್ನು ನಿಮ್ಮದೇ ಹೆಸರು ಹಾಕಿಕೊಂಡು ಇನ್ನೊಮ್ಮೆ ಓದಿ.

2. ರಾತ್ರಿ ದಿನವನ್ನು ಹಿಂತಿರುಗಿ ನೋಡಿ

ಇದಕ್ಕೆ ಹೊಸ ವಿಧಾನವೇನೂ ಬೇಕಿಲ್ಲ. 16ನೇ ಶತಮಾನದಲ್ಲಿ ಯೇಸುಸಭೆ ಎಂಬ ಕಥೋಲಿಕ ಗುರುಗಳ ಸಂಘವನ್ನು ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲ ಕಲಿಸಿದ ‘ಎಗ್ಸಾಮೆನ್’ ಎಂಬ ದಿನದ ಆತ್ಮಪರಿಶೀಲನೆ ಇಂದಿಗೂ ಬಳಕೆಯಲ್ಲಿದೆ. ಕಥೋಲಿಕರು ಮಾತ್ರವಲ್ಲ, ಪ್ರೊಟೆಸ್ಟೆಂಟರಲ್ಲೂ ಅನೇಕರು ಇದನ್ನು ಅನುಸರಿಸುತ್ತಾರೆ. ಇದಕ್ಕೆ ಐದು ಭಾಗಗಳು. ದಿನದಲ್ಲಿ ಸಿಕ್ಕ ಒಳಿತಿಗಾಗಿ ದೇವರಿಗೆ ಕೃತಜ್ಞತೆ ಹೇಳುವುದು. ಕಾಣಬೇಕಾದುದನ್ನು ಕಾಣಿಸು ಎಂದು ಬೆಳಕು ಬೇಡುವುದು. ಬೆಳಗಿನಿಂದ ರಾತ್ರಿಯವರೆಗೆ ನಡೆದುದನ್ನು ಸಾವಕಾಶವಾಗಿ ನೆನೆಯುವುದು. ತಪ್ಪಿದ ಕಡೆ ಕ್ಷಮೆ ಕೇಳುವುದು. ನಾಳೆಗಾಗಿ ಸಹಾಯ ಬೇಡುವುದು.

ಕೃತಜ್ಞತೆ ಮೊದಲು ಬರುವುದಕ್ಕೆ ಕಾರಣವಿದೆ. ತಪ್ಪುಗಳ ಪಟ್ಟಿಯಿಂದ ಆರಂಭಿಸಿದರೆ ಮೂರನೆಯ ದಿನಕ್ಕೆ ಮನಸ್ಸು ಸೋತುಹೋಗುತ್ತದೆ, ಅಭ್ಯಾಸವೂ ನಿಲ್ಲುತ್ತದೆ. ಎಳೆಗೂಸಿನ ತಾಯಿಯಂತೂ ಕಣ್ಣು ಮುಚ್ಚಿದ ಕೂಡಲೇ ನಿದ್ದೆ ಹೋಗುತ್ತಾಳೆ. ಅವಳು ಮೊದಲ ಭಾಗವೊಂದನ್ನೇ ಮಾಡಿ ಮಲಗಲಿ, ಅದು ಕಡಿಮೆಯೇನಲ್ಲ.

ಮನೆಗೆಲಸದಲ್ಲೇ ದಿನ ಮುಗಿಯುವವರು ‘ನೆನೆಯಲು ಏನಿದೆ, ಅದೇ ಪಾತ್ರೆ, ಅದೇ ಬಟ್ಟೆ’ ಎನ್ನುತ್ತಾರೆ. ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ 1522ರಲ್ಲಿ ಮದುವೆಯ ಬದುಕಿನ ಕುರಿತು ಬರೆಯುತ್ತಾ ಮಗುವಿನ ಬಟ್ಟೆ ಒಗೆಯುವ ತಂದೆಯೊಬ್ಬನನ್ನು ಚಿತ್ರಿಸಿದ್ದಾರೆ. ಹೆಂಗಸರ ಕೆಲಸ ಮಾಡುತ್ತಾನೆಂದು ಜನ ಅವನನ್ನು ಹಾಸ್ಯ ಮಾಡಬಹುದು. ಆದರೆ ಅವನು ಅದನ್ನು ವಿಶ್ವಾಸದಿಂದ ಮಾಡುತ್ತಿದ್ದರೆ ದೇವರು ಎಲ್ಲ ದೂತರೊಂದಿಗೆ ಅವನನ್ನು ನೋಡಿ ಮುಗುಳ್ನಗುತ್ತಾನೆ ಎಂಬುದು ಅವರ ಮಾತಿನ ಸಾರ. ಐನೂರು ವರ್ಷಗಳ ಹಿಂದೆ ಬರೆದ ಆ ಸಾಲುಗಳನ್ನು ಇಂದಿನ ಗಂಡಸರು ಓದಿದರೆ ಒಳ್ಳೆಯದು.

3. ಒಂದೇ ಘಟನೆಯನ್ನು ಆರಿಸಿ, ನಡೆದಂತೆಯೇ ಬರೆಯಿರಿ

ಹಿಂತಿರುಗಿ ನೋಡಿದ ದಿನದಲ್ಲಿ ಮನಸ್ಸು ಎಲ್ಲಿ ತಡೆದು ನಿಂತಿತೋ ಆ ಒಂದು ಘಟನೆಯನ್ನು ಐದಾರು ಸಾಲುಗಳಲ್ಲಿ ಬರೆಯಿರಿ. ಅರ್ಥ ಬೇಡ, ನೀತಿ ಬೇಡ, ವಚನ ಬೇಡ. ಯಾರು ಏನು ಮಾಡಿದರು, ಏನೆಂದರು, ಅಷ್ಟೇ.

ಒಂದು ಉದಾಹರಣೆ ಇಟ್ಟುಕೊಂಡೇ ಮುಂದೆ ಹೋಗೋಣ. ಹೀಗೊಂದು ಸಂಜೆ ಎಂದುಕೊಳ್ಳಿ. ಗಾಜಿನ ಲೋಟವೊಂದು ಒಡೆದಿದೆ. ಏಳು ವರ್ಷದ ಹುಡುಗ ಚೂರುಗಳನ್ನು ಪರದೆಯ ಹಿಂದೆ ತಳ್ಳಿ ಏನೂ ಆಗದವನ ಹಾಗೆ ಪುಸ್ತಕ ಹಿಡಿದು ಕೂತಿದ್ದಾನೆ. ಗುಡಿಸಲು ಬಂದ ತಾಯಿಯ ಕಾಲಿಗೆ ಒಂದು ಚೂರು ತಾಗುತ್ತದೆ. ‘ಯಾರು ಮಾಡಿದ್ದು ಇದನ್ನು?’ ಎಂದು ಅವಳು ಕೂಗುತ್ತಾಳೆ. ‘ನನಗೆ ಗೊತ್ತಿಲ್ಲ’ ಎನ್ನುತ್ತಾನೆ ಹುಡುಗ. ಸುಳ್ಳು ಹೇಳಿದ್ದಕ್ಕೆ ಬೈಗುಳ ಬೀಳುತ್ತದೆ. ಊಟಕ್ಕೆ ಕೂತಾಗ ಅವನು ಎಡಗೈಯನ್ನು ಮುಷ್ಟಿ ಕಟ್ಟಿಕೊಂಡೇ ಇರುವುದನ್ನು ಅವಳು ಗಮನಿಸುತ್ತಾಳೆ. ಬಿಡಿಸಿ ನೋಡಿದರೆ ಹೆಬ್ಬೆರಳಿನಲ್ಲಿ ಗಾಯ, ರಕ್ತ ಒಣಗಿಹೋಗಿದೆ.

ತಾಯಿಯ ನೋಟ್‌ಬುಕ್‌ನಲ್ಲಿ ಇರಬೇಕಾದದ್ದು ಇಷ್ಟೇ: ‘ಲೋಟ ಒಡೆಯಿತು. ಅವನು ಅಡಗಿಸಿದ. ಯಾರು ಮಾಡಿದ್ದು ಎಂದು ಕೂಗಿದೆ. ಗೊತ್ತಿಲ್ಲ ಎಂದ. ಬೈದೆ. ಕೈ ಕೊಯ್ದಿತ್ತು. ಎರಡು ಗಂಟೆ ಹೊತ್ತು ಮುಚ್ಚಿಟ್ಟುಕೊಂಡಿದ್ದ.’

ಇಲ್ಲಿ ಎಚ್ಚರ ಬೇಕು. ‘ಅವನು ಯಾವಾಗಲೂ ಹೀಗೆಯೇ’, ‘ಅಪ್ಪನ ಬುದ್ಧಿಯೇ ಬಂದಿದೆ’ ಎಂಬಂಥ ಸಾಲುಗಳು ಬರಹದೊಳಗೆ ನುಸುಳುತ್ತವೆ. ಅವುಗಳನ್ನು ಹೊಡೆದುಹಾಕಿ. ಇನ್ನೊಂದು ಎಚ್ಚರ: ಈ ನೋಟ್‌ಬುಕ್ ಬೇರೆಯವರ ಕೈಗೆ ಸಿಗುವಂತೆ ಇಡಬೇಡಿ. ಮಗುವಿನ ತಪ್ಪು ಅದರ ಸ್ವಂತದ್ದು, ಬಂಧುಗಳ ಮುಂದೆ ಹೇಳಿ ನಗುವ ಸಂಗತಿಯಲ್ಲ.

4. ಘಟನೆಗೆ ಪ್ರಶ್ನೆ ಕೇಳಿ

ಬರೆದಿಟ್ಟ ಘಟನೆಯನ್ನು ಮರುದಿನ ಓದಿ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇಲ್ಲಿ ಯಾರು ಹೆದರಿದ್ದರು, ಯಾವುದಕ್ಕೆ? ಯಾರ ನೋವು ಯಾರ ಕಣ್ಣಿಗೂ ಬೀಳಲಿಲ್ಲ? ಅರ್ಹತೆ ಇಲ್ಲದಿದ್ದರೂ ಯಾರಿಗಾದರೂ ಒಳ್ಳೆಯದು ದೊರೆಯಿತೇ? ಕ್ರೈಸ್ತರು ‘ಕೃಪೆ’ ಎನ್ನುವುದು ಇದಕ್ಕೇ, ಗಳಿಸದೆ ದೊರೆಯುವ ದೇವರ ದಯೆಗೆ. ಕೊನೆಯದಾಗಿ, ನಾನು ಯಾವುದಕ್ಕೆ ಹೆಚ್ಚು ಬೆಲೆ ಕೊಟ್ಟೆ?

ಲೋಟದ ಘಟನೆಗೆ ಕೈಗೆ ಕೂಡಲೇ ಸಿಗುವ ಪಾಠ ‘ಸುಳ್ಳು ಹೇಳಬಾರದು’ ಎಂಬುದು. ಅದು ಸುಳ್ಳಲ್ಲ, ಆದರೆ ಅಲ್ಲಿಗೇ ನಿಂತರೆ ಘಟನೆಯ ಅರ್ಧವೂ ಕಂಡಂತಾಗುವುದಿಲ್ಲ. ಪ್ರಶ್ನೆಗಳನ್ನು ಕೇಳಿಕೊಂಡ ತಾಯಿಗೆ ಬೇರೊಂದು ಕಾಣುತ್ತದೆ. ಹುಡುಗ ಲೋಟವನ್ನು ಅಡಗಿಸಿದ್ದು ಬೈಗುಳದ ಹೆದರಿಕೆಗೆ. ಗಾಯವನ್ನು ಅಡಗಿಸಿದ್ದೂ ಅದೇ ಹೆದರಿಕೆಗೆ. ನೋವಾದಾಗ ಓಡಿ ಬರಬೇಕಾದ ಜಾಗದಿಂದಲೇ ಅವನು ನೋವನ್ನು ಮುಚ್ಚಿಟ್ಟ. ಅವಳು ಮೊದಲು ಕೇಳಿದ್ದು ಲೋಟದ ಬಗ್ಗೆ.

ಪಾಠ ದೊರೆಯುವುದು ಸಾಮಾನ್ಯವಾಗಿ ಇಂಥ ಕಡೆ, ನಮಗೆ ಸ್ವಲ್ಪ ಚುಚ್ಚುವ ಕಡೆ. ಪ್ರತಿ ಘಟನೆಯಿಂದಲೂ ನೀವೇ ಸರಿ, ಉಳಿದವರು ತಿದ್ದಿಕೊಳ್ಳಬೇಕು ಎಂಬ ಪಾಠವೇ ಹೊರಡುತ್ತಿದ್ದರೆ, ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳಿಕೊಳ್ಳಿ. ಎಲ್ಲ ಘಟನೆಗಳೂ ತಪ್ಪಿನವೇ ಆಗಬೇಕಿಲ್ಲ ಎಂಬುದನ್ನೂ ಮರೆಯಬೇಡಿ. ಮರೆವಿನ ಅಜ್ಜ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದಾಗ ಹತ್ತನೆಯ ಸಲವೂ ಮೊದಲ ಸಲದಷ್ಟೇ ಮೃದುವಾಗಿ ಉತ್ತರಿಸಿದ ಮೊಮ್ಮಗಳು ಆ ದಿನದ ಪಾಠವಾಗಬಹುದು. ಅಂಥದ್ದನ್ನು ಬರೆದಿಡದಿದ್ದರೆ ಮರೆತೇ ಹೋಗುತ್ತದೆ, ತಪ್ಪುಗಳು ಹಾಗೆ ಮರೆಯುವುದಿಲ್ಲ.

5. ಈಗ ಬೈಬಲ್ ತೆರೆಯಿರಿ

ವಚನ ಹುಡುಕುವ ಕೆಲಸವನ್ನು ಇಷ್ಟು ತಡವಾಗಿ ಇಟ್ಟಿರುವುದು ಬೇಕೆಂದೇ. ಘಟನೆ ಅರ್ಥವಾಗುವ ಮೊದಲೇ ವಚನ ಹುಡುಕಿದರೆ ನಮಗೆ ಬೇಕಾದ ವಚನ ದೊರೆಯುತ್ತದೆ, ನಮಗೆ ಹೇಳಬೇಕಾದ ವಚನ ದೊರೆಯುವುದಿಲ್ಲ.

ಮೇಲಿನ ತಾಯಿ ಆದಿಕಾಂಡದ 3ನೇ ಅಧ್ಯಾಯವನ್ನು ತೆರೆಯುತ್ತಾಳೆ ಎನ್ನೋಣ. ಅಲ್ಲಿಯೂ ತಪ್ಪು ಮಾಡಿದವರು, ಬೇಡವೆಂದ ಹಣ್ಣು ತಿಂದ ಆದಾಮ ಮತ್ತು ಹವ್ವ, ಹೆದರಿ ಅಡಗಿದ್ದಾರೆ. ದೇವರು ಕೇಳುವ ಮೊದಲ ಪ್ರಶ್ನೆ ‘ಎಲ್ಲಿದ್ದೀ?’ ಎಂಬುದು. ಹಣ್ಣಿನ ವಿಚಾರಣೆ ಆಮೇಲೆ ಬರುತ್ತದೆ, ತಪ್ಪಿನ ಫಲವೂ ಬರುತ್ತದೆ, ಯಾವುದನ್ನೂ ತೇಲಿಸಿಬಿಡುವುದಿಲ್ಲ. ಆದರೆ ಅಧ್ಯಾಯ ಮುಗಿಯುವ ಮುಂಚೆ ಅವರಿಗೆ ಚರ್ಮದ ಅಂಗಿಗಳನ್ನು ಮಾಡಿ ತೊಡಿಸುವವನೂ ಅದೇ ದೇವರು. ಮೊದಲು ವ್ಯಕ್ತಿ, ಆಮೇಲೆ ವಿಚಾರಣೆ, ಕೊನೆಗೆ ಹೊದಿಕೆ: ಒಂದು ಮನೆಯಲ್ಲಿ ಶಿಸ್ತು ಹೇಗಿರಬೇಕು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ವಚನ ದೊರೆತ ಮೇಲೆ ಅದರ ಹಿಂದಿನ ಮತ್ತು ಮುಂದಿನ ವಚನಗಳನ್ನೂ ಓದಲೇಬೇಕು. ಮನೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಕೆಲವು ವಚನಗಳೇ ಹೆಚ್ಚು ದುರ್ಬಳಕೆಯಾಗುವುದು.

ಎಫೆಸ 6:1ರಲ್ಲಿ ಮಕ್ಕಳು ತಂದೆತಾಯಿಗಳ ಮಾತು ಕೇಳಬೇಕು ಎಂದಿದೆ. ಇದು ಗೊತ್ತಿಲ್ಲದ ಕ್ರೈಸ್ತ ಮಗುವಿಲ್ಲ. ಮೂರು ವಚನಗಳ ನಂತರ, 6:4ರಲ್ಲಿ, ತಂದೆಗಳೇ, ಮಕ್ಕಳಿಗೆ ಕೋಪ ಬರುವಂತೆ ಮಾಡಬೇಡಿ ಎಂದು ಪೌಲನ ಪತ್ರ ಹೇಳುತ್ತದೆ. ಕೊಲೊಸ್ಸೆ 3:21 ಕಾರಣವನ್ನೂ ಕೊಡುತ್ತದೆ: ಅವರು ಮನಗುಂದಬಾರದು. ಮೊದಲನೆಯದನ್ನು ಮಕ್ಕಳಿಗೆ ಕಲಿಸುವವರು ಎರಡನೆಯದನ್ನು ತಾವು ಬಾಯಿಪಾಠ ಮಾಡಲಿ.

ಜ್ಞಾನೋಕ್ತಿ 22:6, ನಡೆಯಬೇಕಾದ ಮಾರ್ಗಕ್ಕೆ ತಕ್ಕಂತೆ ಮಗುವನ್ನು ಶಿಕ್ಷಿಸಿದರೆ, ಅಂದರೆ ತರಬೇತು ಮಾಡಿದರೆ, ಮುಪ್ಪಿನಲ್ಲೂ ಅದು ಓರೆಯಾಗದು ಎಂಬ ಮಾತು. ಜ್ಞಾನೋಕ್ತಿಗಳು ಬದುಕಿನ ಸಾಮಾನ್ಯ ನಡೆಯನ್ನು ಹೇಳುವ ವಿವೇಕದ ಮಾತುಗಳು. ಪ್ರತಿಯೊಂದು ಮನೆಗೂ ಬರೆದುಕೊಟ್ಟ ಕರಾರಲ್ಲ. ದೂರ ಸರಿದ ಮಕ್ಕಳ ತಂದೆತಾಯಿಗಳನ್ನು ಈ ಒಂದು ವಚನದಿಂದ ಚುಚ್ಚುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ. ಲೂಕ 15ರ ತಂದೆಯ ಪಾಲನೆಯಲ್ಲಿ ಏನು ಕೊರತೆಯಿತ್ತು? ಆದರೂ ಕಿರಿಯ ಮಗ ಮನೆ ಬಿಟ್ಟು ಹೋದ.

ಯೆರೆಮೀಯ 29:11, ನಿಮಗೆ ನಿರೀಕ್ಷೆಯನ್ನೂ ಭವಿಷ್ಯವನ್ನೂ ಕೊಡುವ ಯೋಚನೆಗಳು ನನ್ನವು ಎಂಬ ವಾಗ್ದಾನ. ಪರೀಕ್ಷೆಯ ಬೆಳಿಗ್ಗೆ ಮಕ್ಕಳಿಗೆ ಹೇಳುವ ವಚನ ಇದು. ಇದನ್ನು ಬರೆದದ್ದು ಬಾಬಿಲೋನಿಗೆ ಸೆರೆಹೋದ ಒಂದು ಜನಾಂಗಕ್ಕೆ. ಅದರ ಹಿಂದಿನ ವಚನ 70 ವರ್ಷ ಕಾಯಬೇಕು ಎನ್ನುತ್ತದೆ. ಮಗುವಿಗೆ ಧೈರ್ಯ ಹೇಳಲು ಬಳಸಿ, ಅಂಕಗಳ ಭರವಸೆಯಾಗಿ ಬಳಸಬೇಡಿ. ಅಂಕ ಕಡಿಮೆ ಬಂದ ದಿನ ಮಗು ದೇವರೇ ಮಾತು ತಪ್ಪಿದನೆಂದು ತಿಳಿಯುತ್ತದೆ.

6. ಹೇಳುವ ಹೊತ್ತು, ಹೇಳುವ ರೀತಿ

ಧರ್ಮೋಪದೇಶಕಾಂಡ 6:7 ನಾಲ್ಕು ಹೊತ್ತುಗಳನ್ನು ಹೆಸರಿಸುತ್ತದೆ: ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಜಗಳದ ನಡುವೆ ಎಂದು ಅಲ್ಲಿಲ್ಲ. ಕೋಪ ಇಳಿಯದೆ ಪಾಠ ಹೇಳಬಾರದು. ಹೇಳಿದರೆ ಮಗುವಿಗೆ ನೆನಪುಳಿಯುವುದು ನಿಮ್ಮ ದನಿ ಮಾತ್ರ.

ಮಕ್ಕಳೇ ಕೇಳುವವರೆಗೆ ಕಾಯುವುದು ಬೈಬಲಿನಲ್ಲೇ ಇರುವ ಕ್ರಮ. ಐಗುಪ್ತದ ದಾಸತ್ವದಿಂದ ಬಿಡುಗಡೆಯಾದುದನ್ನು ನೆನೆಯುವ ಪಸ್ಕ ಹಬ್ಬದ ಆಚರಣೆಯ ಅರ್ಥವೇನೆಂದು ನಿಮ್ಮ ಮಕ್ಕಳು ಕೇಳಿದಾಗ ಹೀಗೆ ಹೇಳಿ ಎನ್ನುತ್ತದೆ ವಿಮೋಚನಕಾಂಡ 12. ಯೊರ್ದನ್ ನದಿಯಿಂದ ಎತ್ತಿ ತಂದ 12 ಕಲ್ಲುಗಳನ್ನು ನಿಲ್ಲಿಸಿದ್ದೂ, ಯೆಹೋಶುವ 4ರ ಪ್ರಕಾರ, ಮುಂದೆ ಮಕ್ಕಳು ‘ಈ ಕಲ್ಲುಗಳು ಏನು?’ ಎಂದು ಕೇಳಲಿ ಎಂದೇ. ನೀವೂ ಕೇಳುವಂಥದ್ದನ್ನು ಮನೆಯಲ್ಲಿ ಇಡಬಹುದು. ಕುಟುಂಬಕ್ಕೆ ಸಹಾಯ ಸಿಕ್ಕ ದಿನಗಳ ದಿನಾಂಕಗಳನ್ನು ಬರೆದ ಒಂದು ಚೀಟಿಯನ್ನು ಬೈಬಲಿನ ಮೊದಲ ಪುಟದಲ್ಲಿ ಅಂಟಿಸಿ. ಓದಲು ಬಂದ ಮಗು ಒಂದಲ್ಲ ಒಂದು ದಿನ ಅದೇನೆಂದು ಕೇಳಿಯೇ ಕೇಳುತ್ತದೆ.

ನೀವಾಗಿ ಮಾತು ತೆಗೆಯುವುದಾದರೆ ಪ್ರಶ್ನೆಯಿಂದ ತೆಗೆಯಿರಿ. ಒಳ್ಳೆಯ ಸಮಾರ್ಯದವನ ಕಥೆಯ ಕೊನೆಗೆ ಯೇಸು ನೀತಿ ಹೇಳಲಿಲ್ಲ; ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡ ಮೂವರಲ್ಲಿ ಯಾರು ಅವನಿಗೆ ನೆರೆಯವನಾದನೆಂದು ನಿನಗೆ ತೋರುತ್ತದೆ ಎಂದು ಕೇಳಿದರು. ಇಬ್ಬರು ಮಕ್ಕಳ ಸಾಮ್ಯವೂ (ಮತ್ತಾಯ 21:28) ನಿಮಗೆ ಹೇಗೆ ತೋರುತ್ತದೆ ಎಂಬ ಪ್ರಶ್ನೆಯಿಂದಲೇ ಆರಂಭ. ಲೋಟದ ಹುಡುಗನಿಗೆ ಆದಿಕಾಂಡದ ಕಥೆ ಹೇಳಿ, ‘ದೇವರು ಮೊದಲು ಏನು ಕೇಳಿದ?’ ಎಂದು ಕೇಳಬಹುದು. ಉತ್ತರ ಬಂದ ಮೇಲೆ ಅದರ ಮೇಲೊಂದು ವಿವರಣೆ ಹೇರಬೇಡಿ. ಏನೂ ಹೇಳದೆ ಎದ್ದು ಹೋದರೂ ಬಿಡಿ.

ವಯಸ್ಸಿಗೆ ತಕ್ಕಂತೆ ಅಳತೆ ಬೇರೆ. ಶಾಲೆಗೆ ಹೋಗುವ ಮುಂಚಿನ ಮಕ್ಕಳಿಗೆ ಕಥೆ ಸಾಕು, ಹೋಲಿಕೆ ಬೇಡ. ಏಳೆಂಟು ವರ್ಷದವರಿಗೆ ಎರಡು ನಿಮಿಷದ ಮಾತು. ಹದಿಹರೆಯದವರಿಗೆ ನೀವು ನಿಮ್ಮ ಬಗ್ಗೆ ಕಂಡುಕೊಂಡದ್ದನ್ನು ಹೇಳಿ, ಅವರ ಬಗ್ಗೆ ಕಂಡುಕೊಂಡದ್ದನ್ನು ಸದ್ಯಕ್ಕೆ ಇಟ್ಟುಕೊಳ್ಳಿ. ‘ಇಂಥ ಕಡೆ ದೇವರಿದ್ದಾನೆ ಎಂದು ನನಗೆ ಅನ್ನಿಸುವುದಿಲ್ಲ’ ಎಂದು ಹದಿನೈದರ ಮಗಳು ಹೇಳಿದರೆ ಗಾಬರಿಯಾಗಬೇಡಿ. ಬೈಬಲಿನ ಕೀರ್ತನೆಗಳಲ್ಲಿ ಅಂಥ ಮಾತುಗಳಿವೆ. 13ನೆಯದನ್ನು ಅವಳ ಜೊತೆ ಕೂತು ಓದಿ.

7. ಮೊದಲು ಮನೆಯಲ್ಲಿ ಕ್ಷಮೆ ಕೇಳಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಮಾಡಲು ಸಾಧ್ಯವಿರುವವರು ಇದನ್ನು ಮಾಡಲಿ. ದೊಡ್ಡವರು ಚಿಕ್ಕವರಲ್ಲಿ ಕ್ಷಮೆ ಕೇಳುವುದನ್ನು ನೋಡಿ ಬೆಳೆದ ಮಗುವಿಗೆ ಪಶ್ಚಾತ್ತಾಪ ಎಂದರೇನು ಎಂದು ಭಾನುವಾರದ ತರಗತಿಯಲ್ಲಿ ವಿವರಿಸಬೇಕಾಗುವುದಿಲ್ಲ. ಪೋಪ್ ಫ್ರಾನ್ಸಿಸ್ ಕುಟುಂಬಗಳಿಗೆ ಪದೇ ಪದೇ ಹೇಳುತ್ತಿದ್ದದ್ದು ಮೂರು ಮಾತುಗಳನ್ನು: ‘ಮಾಡಬಹುದೇ’ ಎಂದು ಅನುಮತಿ ಕೇಳುವುದು, ಕೃತಜ್ಞತೆ ಹೇಳುವುದು, ಕ್ಷಮಿಸು ಎನ್ನುವುದು. ಮೂರೂ ಸಣ್ಣ ಮಾತುಗಳು, ಮನೆಯವರಿಗೆ ಹೇಳುವಾಗ ಮಾತ್ರ ನಾಲಿಗೆಗೆ ಭಾರ.

ಕ್ಷಮೆ ಕೇಳುವಾಗ ತಪ್ಪನ್ನು ಹೆಸರಿಟ್ಟು ಹೇಳಿ. ‘ನಿನ್ನೆ ನಾನು ಮೊದಲು ಲೋಟದ ಬಗ್ಗೆ ಕೇಳಿದೆ. ನಿನಗೆ ಪೆಟ್ಟಾಯಿತೇ ಎಂದು ಕೇಳಬೇಕಿತ್ತು. ಕ್ಷಮಿಸು.’ ಇಲ್ಲಿಗೆ ನಿಲ್ಲಿಸಿ. ‘ಆದರೆ ನೀನೂ ಸುಳ್ಳು ಹೇಳಿದೆಯಲ್ಲ’ ಎಂದು ಸೇರಿಸಿದರೆ ಅದು ಕ್ಷಮೆಯಾಗಿ ಉಳಿಯುವುದಿಲ್ಲ. ಸುಳ್ಳಿನ ಬಗ್ಗೆ ಮಾತನಾಡಲೇಬೇಕು, ಇನ್ನೊಂದು ಹೊತ್ತಿನಲ್ಲಿ. ಸರಿಪಡಿಸಬಹುದಾದುದನ್ನು ಸರಿಪಡಿಸಿ, ಸುವಾರ್ತೆಯ ತೆರಿಗೆ ವಸೂಲಿಗಾರ ಜಕ್ಕಾಯನು ತಪ್ಪೊಪ್ಪಿಕೊಂಡದ್ದಷ್ಟೇ ಅಲ್ಲ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವುದಾಗಿ ಹೇಳಿದ. ಮಗುವಿನಿಂದ ‘ಪರವಾಗಿಲ್ಲ’ ಎಂಬ ಉತ್ತರವನ್ನು ಒತ್ತಾಯಿಸಬೇಡಿ. ಮಕ್ಕಳ ನಡುವಿನ ಜಗಳದಲ್ಲೂ ಅಷ್ಟೇ. ‘ಕೈ ಕುಲುಕಿ ಸಾರಿ ಹೇಳಿ’ ಎಂದು ಇಬ್ಬರನ್ನೂ ನಿಲ್ಲಿಸಿದರೆ ಬಾಯಿ ಮಾತ್ರ ಹೇಳುತ್ತದೆ.

ಗಂಡ ಹೆಂಡತಿಯ ನಡುವಿನ ವಿಷಯ: ಮಕ್ಕಳ ಎದುರು ಜಗಳವಾಡಿದರೆ ರಾಜಿಯೂ ಅವರ ಎದುರೇ ಆಗಲಿ. ಸೂರ್ಯ ಮುಳುಗುವ ಮುಂಚೆ ಕೋಪ ತೀರಲಿ ಎಂಬ ಎಫೆಸ 4:26ರ ಮಾತನ್ನು, ಅರ್ಧರಾತ್ರಿಯವರೆಗೂ ವಾದ ಮಾಡಿಯಾದರೂ ಮುಗಿಸಬೇಕು ಎಂದು ತಿಳಿಯಬೇಡಿ. ‘ಈ ಮಾತು ನಾಳೆ ಮುಂದುವರಿಸೋಣ, ನಿನ್ನ ಮೇಲೆ ದ್ವೇಷವಿಲ್ಲ’ ಎಂದು ಹೇಳಿ ಮಲಗುವುದೂ ಆ ವಚನಕ್ಕೆ ವಿಧೇಯತೆಯೇ.

8. ಪಾಠ ಹುಡುಕಬಾರದ ಕಡೆಗಳು

ಸಾವು, ಗರ್ಭಪಾತವಾದ ದುಃಖ, ದೀರ್ಘ ಕಾಯಿಲೆ, ಕೆಲಸ ಹೋದ ತಿಂಗಳು. ಇಂಥ ಕಡೆ ‘ದೇವರು ಇದರಿಂದ ನಮಗೇನೋ ಕಲಿಸುತ್ತಿದ್ದಾನೆ’ ಎಂದು ಬಾಯಿ ತೆರೆಯಬೇಡಿ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಮಾತಿಲ್ಲದೆ ಕೂತಿದ್ದರು. ಅವರು ಎಡವಿದ್ದು ಕಾರಣ ವಿವರಿಸಲು ಹೊರಟ ಮೇಲೆ. ಹುಟ್ಟು ಕುರುಡನನ್ನು ಕಂಡು ಶಿಷ್ಯರು ಇದು ಯಾರ ಪಾಪದ ಫಲ, ಇವನದೋ ತಂದೆತಾಯಿಯದೋ ಎಂದು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದರು. ಸಿಲೋವದಲ್ಲಿ ಬುರುಜು ಬಿದ್ದು ಸತ್ತ 18 ಜನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ಭಾವಿಸುತ್ತೀರೋ ಎಂದು ಅವರೇ ಕೇಳಿ, ಇಲ್ಲ ಎಂದರು. ಸತ್ತ ಗೆಳೆಯ ಲಾಜರನ ಸಮಾಧಿಯ ಬಳಿ ಅವರು ಅತ್ತರು, ಅವನನ್ನು ಎಬ್ಬಿಸಲಿದ್ದೇನೆಂದು ತಿಳಿದೂ ಅತ್ತರು. ನೀವೂ ಅಳಬಹುದು. ಮಗು ನೋಡಲಿ.

ಇನ್ನೊಂದು ವಿಷಯವನ್ನು ಖಡಾಖಂಡಿತವಾಗಿ ಹೇಳಬೇಕು. ಹೊಡೆತ, ಬೆದರಿಕೆ, ಲೈಂಗಿಕ ದೌರ್ಜನ್ಯ ನಡೆಯುತ್ತಿರುವ ಮನೆಯಲ್ಲಿ ಕ್ಷಮೆ, ಸಹನೆ, ವಿಧೇಯತೆಯ ವಚನಗಳನ್ನು ನೊಂದವರ ಮುಂದೆ ಇಡುವುದು ಪಾಪ. ಎಪ್ಪತ್ತು ಏಳು ಸಾರಿ ಕ್ಷಮಿಸು ಎಂಬ ಮಾತು ಬರುವ ಮತ್ತಾಯ 18ನೇ ಅಧ್ಯಾಯದಲ್ಲೇ, ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದು ಲೇಸು ಎಂಬ ಮಾತೂ ಇದೆ. ಅಲ್ಲಿ ಮೊದಲ ಕೆಲಸ ಸುರಕ್ಷಿತ ಜಾಗಕ್ಕೆ ಹೋಗುವುದು, ನಂಬಿಕೆಯ ಒಬ್ಬರಿಗೆ ತಿಳಿಸುವುದು, ಪೊಲೀಸರ ಮತ್ತು ವೈದ್ಯರ ಸಹಾಯ ಪಡೆಯುವುದು. ಯಾವ ಸಭಾಪಾಲಕರೂ, ಯಾವ ಗುರುಗಳೂ ಇದಕ್ಕೆ ಅಡ್ಡಿಯಾಗಬಾರದು.

9. ಮನೆಯನ್ನು ಸಭೆಗೆ ಜೋಡಿಸಿ

ನಾಲ್ಕನೇ ಶತಮಾನದಲ್ಲಿ ಹೆಸರಾಂತ ಬೋಧಕ ಜಾನ್ ಕ್ರಿಸೊಸ್ತೊಮ್ ತಮ್ಮ ಪ್ರಸಂಗಗಳಲ್ಲಿ ಮನೆಯನ್ನು ಚಿಕ್ಕ ಸಭೆಯೆಂದು, ಅಂದರೆ ಚಿಕ್ಕ ಚರ್ಚ್ ಎಂದು, ಕರೆದರು. 1964ರಲ್ಲಿ ಕಥೋಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆಯೂ ಕುಟುಂಬವನ್ನು ‘ಗೃಹಸಭೆ’ ಎಂಬ ಅರ್ಥದ ಮಾತಿನಿಂದ ಹೆಸರಿಸಿತು. ಪ್ರಿಸ್ಕ ಮತ್ತು ಅಕ್ವಿಲ ದಂಪತಿಯ ಮನೆಯಲ್ಲಿ ಕೂಡುವ ಸಭೆಗೆ ಪೌಲನು ವಂದನೆ ಕಳುಹಿಸಿದ್ದು ಅದಕ್ಕೂ ಹಿಂದಿನ ಮಾತು. ಆದರೆ ಚಿಕ್ಕ ಸಭೆ ದೊಡ್ಡ ಸಭೆಗೆ ಬದಲಿಯಲ್ಲ. ಮನೆಯಲ್ಲಿ ಕಂಡುಕೊಂಡ ಪಾಠ ಸರಿಯೋ ಎಂದು ಅನುಮಾನ ಬಂದಾಗ ಕೇಳಲು ಒಬ್ಬರು ಬೇಕು. ಹಿರಿಯ ವಿಶ್ವಾಸಿಯೊಬ್ಬರನ್ನು ಗುರುತಿಸಿಕೊಂಡು ತಿಂಗಳಿಗೊಮ್ಮೆಯಾದರೂ ಮಾತನಾಡಿ. ಭಾನುವಾರದ ಬೈಬಲ್ ವಾಚನದಲ್ಲಿ ಆ ವಾರದ ಮನೆಯ ಘಟನೆಯೊಂದು ನೆನಪಾದರೆ ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಳ್ಳಿ.

ಸಂಗಾತಿ ಬೇರೆ ಧರ್ಮದವರಾಗಿದ್ದರೆ, ಇಲ್ಲವೇ ವಿಶ್ವಾಸದಲ್ಲಿ ಆಸಕ್ತಿ ಇಲ್ಲದವರಾಗಿದ್ದರೆ, ಒಂದರಿಂದ ಐದನೇ ಹಂತದವರೆಗೆ ನೀವೊಬ್ಬರೇ ಮಾಡಬಹುದು. ಆರನೆಯದನ್ನು ಅವರ ಜೊತೆ ಮಾತನಾಡಿ, ಅವರ ಒಪ್ಪಿಗೆಯಿಂದ ಮಾಡಿ. ಮಕ್ಕಳನ್ನು ಗುಟ್ಟಿನ ಪಾಲುದಾರರನ್ನಾಗಿ ಮಾಡಬೇಡಿ. ಏಳನೆಯದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಮಾತಿಲ್ಲದೆ ನಡತೆಯಿಂದಲೇ ಮನಸ್ಸನ್ನು ಗೆಲ್ಲುವ ವಿಷಯ 1 ಪೇತ್ರ 3ರಲ್ಲಿದೆ.

ದೊಡ್ಡವರಾಗಿ ಬೇರೆ ಕಡೆ ಇರುವ, ಸಭೆಗೆ ಬರುವುದನ್ನು ಬಿಟ್ಟ ಮಕ್ಕಳಿದ್ದರೆ ಫೋನಿನಲ್ಲಿ ವಚನ ಕಳುಹಿಸುವುದನ್ನು ಕೆಲವು ಕಾಲ ನಿಲ್ಲಿಸಿ. ಅವರು ಚಿಕ್ಕವರಿದ್ದಾಗಿನ ಒಂದು ಘಟನೆಯನ್ನು ಎತ್ತಿಕೊಂಡು ಮೂರರಿಂದ ಐದನೇ ಹಂತದವರೆಗೆ ಮಾಡಿ. ಕ್ಷಮೆ ಕೇಳಬೇಕಾದ್ದು ಅದರಲ್ಲಿ ಸಿಕ್ಕರೆ, ಮುಂದಿನ ಸಲ ಅವರು ಮನೆಗೆ ಬಂದಾಗ ಎದುರಿಗೆ ಕೂತು ಕೇಳಿ. ಸಭೆಯ ವಿಷಯವನ್ನು ಅವರಾಗಿ ತೆಗೆದರೆ ಮಾತ್ರ ಮಾತನಾಡಿ.